ಓಪನಿಂಗ್ ಡೇ ದಾಖಲೆಗಳು: ಎಷ್ಟು ಕೈಚಳಕ, ಎಷ್ಟು ಕಾಕತಾಳೀಯ?

2025ರ ಮಾರ್ಚ್ 27ರಂದು ಟೊರಾಂಟೊದಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಟೈಲರ್ ಓನೀಲ್ ಒಂದು ಹೋಮ್ ರನ್ ಹೊಡೆದರು, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ (ಓಡಿ ಮುಟ್ಟಬೇಕಾದ ಠಾಣೆಗಳನ್ನು) ಸುತ್ತಿ ರನ್ ಗಳಿಸಿದರು. ಆ ವರ್ಷ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಬಿದ್ದ ಸಾವಿರಾರು ಹೋಮ್ ರನ್‌ಗಳಲ್ಲಿ ಅದೂ ಒಂದು. ಆದರೂ ಅದು ಸುದ್ದಿಯಾಯಿತು. ಕಾರಣ, ಅದು ಅವರ ತಂಡಕ್ಕೆ ಸೀಸನ್‌ನ ಮೊದಲ ಪಂದ್ಯ, ಅಂದರೆ ಓಪನಿಂಗ್ ಡೇ. 2020ರಿಂದ ಸತತ ಆರು ವರ್ಷ ಅವರು ಸೀಸನ್‌ನ ಮೊದಲ ಪಂದ್ಯದಲ್ಲಿ ತಪ್ಪದೆ ಹೋಮ್ ರನ್ ಹೊಡೆದಿದ್ದರು. ಅದೂ ಮೂರು ಬೇರೆ ಬೇರೆ ತಂಡಗಳ ಪರವಾಗಿ. ಅವರಿಗಿಂತ ಮುಂಚೆ ಯೋಗಿ ಬೆರಾ, ಗ್ಯಾರಿ ಕಾರ್ಟರ್, ಟಾಡ್ ಹಂಡ್ಲಿ ಸತತ ನಾಲ್ಕು ವರ್ಷ ಹೊಡೆದಿದ್ದರು. ಅದನ್ನು ದಾಟಿದವರು ಯಾರೂ ಇರಲಿಲ್ಲ.

ಈ ಆಟಗಾರ ಪ್ರತಿ ವರ್ಷ ಹೋಮ್ ರನ್‌ಗಳ ಮಳೆ ಸುರಿಸುವವರಲ್ಲ. 2021ರಲ್ಲಿ 34 ಹೊಡೆದರು, 2024ರಲ್ಲಿ 31. ಆದರೆ 2023ರ ಇಡೀ ಸೀಸನ್‌ನಲ್ಲಿ ಬರೀ 9. ಆ ಒಂಬತ್ತರಲ್ಲೂ ಒಂದು ಮೊದಲ ದಿನವೇ ಬಂದಿತ್ತು. ಹಾಗಾದರೆ ಓನೀಲ್‌ಗೆ ಓಪನಿಂಗ್ ಡೇ ಅಂದರೆ ಏನೋ ವಿಶೇಷ ಇದೆಯಾ? ಅಥವಾ ಇದು ಸುಮ್ನೆ ಸಂಖ್ಯೆಗಳ ಆಟವಾ?

ಪ್ರತಿ ವಸಂತದಲ್ಲೂ ಬೇಸ್‌ಬಾಲ್ ಲೋಕ ಈ ಪ್ರಶ್ನೆಯನ್ನು ಎದುರಿಸುತ್ತದೆ. ಸೀಸನ್‌ನಲ್ಲಿ ಒಂದೊಂದು ತಂಡಕ್ಕೂ 162 ಪಂದ್ಯ. ಮೊದಲ ಪಂದ್ಯ ಅದರಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಆ ದಿನ ಬೇರೆ ಯಾವ ಅಂಕಿಯೂ ಇರುವುದಿಲ್ಲ. ಒಬ್ಬರ ಇಡೀ ವರ್ಷದ ಸಾಧನೆ ಅಂದರೆ ಆ ಮೂರು ಗಂಟೆಯ ಆಟ ಮಾತ್ರ. ಅದಕ್ಕೇ ಟಿವಿ ಪರದೆಯ ತುಂಬ ‘ಇತಿಹಾಸದಲ್ಲೇ ಮೊದಲು’, ‘ಇವರೊಬ್ಬರೇ’ ಎನ್ನುವ ಸಾಲುಗಳು. ನನಗೆ ಈ ಸಾಲುಗಳು ತುಂಬ ಇಷ್ಟ. ಆದರೆ ಎಲ್ಲದಕ್ಕೂ ಒಂದೇ ತೂಕ ಕೊಡಲಾಗದು. ಕೆಲವು ಲೆಕ್ಕ ಬರೆಯುವ ಪದ್ಧತಿಯಿಂದ ಹುಟ್ಟಿದವು, ಕೆಲವು ಅದೃಷ್ಟದಿಂದ, ಕೆಲವು ಆಟದ ನಿಯಮದಿಂದ. ಅಪ್ಪಟ ಪ್ರತಿಭೆಯಿಂದ ಬಂದವು ಬಹಳ ಕಡಿಮೆ. ಅವನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಇದು ಆಗಲು ಒಟ್ಟು ಎಷ್ಟು ಅವಕಾಶಗಳಿದ್ದವು?

ಬಾಬ್ ಫೆಲರ್ ಅವರಿಂದಲೇ ಶುರು ಮಾಡೋಣ. 1940ರ ಏಪ್ರಿಲ್ 16, ಶಿಕಾಗೋದ ಕೊಮಿಸ್ಕಿ ಪಾರ್ಕ್. ಚಳಿಯ ದಿನ. ಕ್ಲೀವ್‌ಲ್ಯಾಂಡ್ ತಂಡದ ಫೆಲರ್‌ಗೆ ಆಗ 21 ವರ್ಷ. ಅಯೋವಾದ ಹೊಲಮನೆಯಿಂದ ಬಂದ ಹುಡುಗ. ಅಂದು ಅವರು ಒಂಬತ್ತು ಇನ್ನಿಂಗ್ಸ್ ಚೆಂಡೆಸೆದು ವೈಟ್ ಸಾಕ್ಸ್ ತಂಡಕ್ಕೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ಬೇಸ್‌ಬಾಲ್‌ನಲ್ಲಿ ಇದಕ್ಕೆ ನೋ-ಹಿಟ್ಟರ್ ಅನ್ನುತ್ತಾರೆ. ಎದುರಾಳಿ ಬ್ಯಾಟರ್ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಬೇಸ್) ಮೂಲಕ ಬೇಸ್‌ಗೆ ಹೋಗಬಹುದು, ಫೀಲ್ಡರ್ ತಪ್ಪಿನಿಂದಲೂ ಹೋಗಬಹುದು. ಆದರೆ ಸ್ವಂತವಾಗಿ ಹೊಡೆದು ಬೇಸ್ ಮುಟ್ಟುವಂತಿಲ್ಲ. ಫೆಲರ್ ಐದು ವಾಕ್ ಕೊಟ್ಟರು, ಎಂಟು ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. ಕ್ಲೀವ್‌ಲ್ಯಾಂಡ್ ಗೆದ್ದದ್ದು 1-0ರಿಂದ. ಕೊನೆಯ ಔಟ್ ಕೂಡ ಸಲೀಸಾಗಿ ಸಿಗಲಿಲ್ಲ. ಟಾಫ್ಟ್ ರೈಟ್ ಹೊಡೆದ ಚೆಂಡಿಗೆ ಸೆಕೆಂಡ್ ಬೇಸ್‌ಮನ್ ರೇ ಮ್ಯಾಕ್ ಮೈಚೆಲ್ಲಿ ಬಿದ್ದು, ತಡೆದು, ಎದ್ದು ಎಸೆಯಬೇಕಾಯಿತು.

ಫೆಲರ್ ಅವರ ಮನೆಯವರು ಅಂದು ಅಲ್ಲೇ ಕೂತಿದ್ದರು. ಹಿಂದಿನ ವರ್ಷ ಅಮ್ಮಂದಿರ ದಿನದಂದು ಇದೇ ಮೈದಾನದಲ್ಲಿ, ಮಗನ ಎಸೆತಕ್ಕೆ ಬ್ಯಾಟರ್ ಹೊಡೆದ ಫೌಲ್ ಬಾಲ್ ಬಂದು ಅವರ ತಾಯಿಯ ಮುಖಕ್ಕೆ ಬಡಿದಿತ್ತು. ಅದಾದ ಮೇಲೂ ಅವರು ಮಗನ ಆಟ ನೋಡಲು ಬಂದಿದ್ದರು.

ಈ ಪಂದ್ಯದಿಂದ ಒಂದು ಪ್ರಸಿದ್ಧ ಒಗಟು ಹುಟ್ಟಿತು: ಪಂದ್ಯಕ್ಕೆ ಮುಂಚೆ ಎಷ್ಟಿತ್ತೋ, ಪಂದ್ಯ ಮುಗಿದ ಮೇಲೂ ತಂಡದ ಎಲ್ಲ ಬ್ಯಾಟರ್‌ಗಳ ಸರಾಸರಿ ಅಷ್ಟೇ ಉಳಿದದ್ದು ಯಾವಾಗ? ಉತ್ತರ ಇದೇ ಪಂದ್ಯ. ಎಲ್ಲರೂ .000 ಸರಾಸರಿಯಲ್ಲಿ ಮೈದಾನಕ್ಕೆ ಬಂದರು, .000ದಲ್ಲೇ ಹೋದರು. ಕೇಳಲು ಸೊಗಸಾಗಿದೆ. ಆದರೆ ಸ್ವಲ್ಪ ಯೋಚಿಸಿ. ಬ್ಯಾಟಿಂಗ್ ಸರಾಸರಿ ಎಂದರೆ ಹಿಟ್‌ಗಳನ್ನು ಬ್ಯಾಟ್ ಮಾಡಿದ ಸಲಗಳಿಂದ ಭಾಗಿಸಿದ ಸಂಖ್ಯೆ. ಪಂದ್ಯಕ್ಕೆ ಮುಂಚೆ ಅವರು ಬ್ಯಾಟೇ ಮಾಡಿರಲಿಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಬರುವುದಿಲ್ಲ, ಉತ್ತರವೇ ಇರುವುದಿಲ್ಲ. ಅಂದರೆ ಬೆಳಿಗ್ಗೆ ಅವರಿಗೆ ಸರಾಸರಿ ಎನ್ನುವುದೇ ಇರಲಿಲ್ಲ, ಸಂಜೆಗೆ ಮೊದಲ ಸಲ ಬಂತು. ಒಗಟು ನಿಂತಿರುವುದು ಖಾಲಿ ಜಾಗದಲ್ಲಿ .000 ಎಂದು ಬರೆಯುವ ರೂಢಿಯ ಮೇಲೆ. ಇದರಿಂದ ಫೆಲರ್ ಸಾಧನೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಸಾಧನೆ ಬೇರೆ, ಒಗಟು ಬೇರೆ.

ಓಪನಿಂಗ್ ಡೇಯಲ್ಲಿ ಅಧಿಕೃತವಾಗಿ ಆದ ನೋ-ಹಿಟ್ಟರ್ ಇದೊಂದೇ. ಇಷ್ಟು ವರ್ಷದಲ್ಲಿ ಒಂದೇ ಅಂದರೆ ಎಂಥ ಅಪರೂಪ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಮೇಜರ್ ಲೀಗ್ ಇತಿಹಾಸದಲ್ಲಿ ಈವರೆಗೆ ನಡೆದಿರುವುದು 2,35,000ಕ್ಕೂ ಹೆಚ್ಚು ಪಂದ್ಯಗಳು. ಪ್ರತಿ ಪಂದ್ಯದಲ್ಲೂ ಎರಡು ತಂಡ, ಹಾಗಾಗಿ ಅವಕಾಶಗಳು ಸುಮಾರು 4,70,000. ಆದ ನೋ-ಹಿಟ್ಟರ್‌ಗಳು 320ಕ್ಕೂ ಸ್ವಲ್ಪ ಜಾಸ್ತಿ. ಅಂದರೆ ಹೆಚ್ಚು ಕಡಿಮೆ 1,450 ಅವಕಾಶಕ್ಕೆ ಒಂದು. ಇನ್ನು ಓಪನಿಂಗ್ ಡೇ. 1901ರಿಂದ 2025ರವರೆಗೆ, ಲೀಗ್ 16 ತಂಡಗಳಿಂದ 30 ತಂಡಗಳಿಗೆ ಬೆಳೆದದ್ದನ್ನು ಗಮನಿಸಿ ಕೂಡಿದರೆ, ತಂಡಗಳಿಗೆ ಸಿಕ್ಕ ಮೊದಲ ಪಂದ್ಯಗಳು ಸುಮಾರು 2,700. 2,700ನ್ನು 1,450ರಿಂದ ಭಾಗಿಸಿ ನೋಡಿ. ಎರಡಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಅಂದರೆ ಓಪನಿಂಗ್ ಡೇ ನೋ-ಹಿಟ್ಟರ್ ಒಂದೋ ಎರಡೋ ಇರಬೇಕಿತ್ತು. ಇರುವುದು ಒಂದು. ಇದರಲ್ಲಿ ನಿಗೂಢ ಏನೂ ಇಲ್ಲ.

ಇದೇ ಲೆಕ್ಕ ಇನ್ನೊಂದು ಕಡೆಯೂ ಹೊಂದುತ್ತದೆ. ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್ (ಒಂದು, ಎರಡು, ಮೂರು ಬೇಸ್‌ನ ಹಿಟ್), ಹೋಮ್ ರನ್ ನಾಲ್ಕನ್ನೂ ಹೊಡೆಯುವುದಕ್ಕೆ ‘ಸೈಕಲ್’ ಅನ್ನುತ್ತಾರೆ. ಅದೂ ಹೆಚ್ಚು ಕಡಿಮೆ ನೋ-ಹಿಟ್ಟರ್‌ನಷ್ಟೇ ಅಪರೂಪ. ಓಪನಿಂಗ್ ಡೇಯಲ್ಲಿ ಅದನ್ನು ಮಾಡಿದವರೂ ಒಬ್ಬರೇ, 1937ರಲ್ಲಿ ಡೆಟ್ರಾಯಿಟ್‌ನ ಜೀ ವಾಕರ್. ಅವರದು ಇನ್ನೂ ಚಂದ: ಮೊದಲು ಹೋಮ್ ರನ್, ಆಮೇಲೆ ಟ್ರಿಪಲ್, ಡಬಲ್, ಸಿಂಗಲ್ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಂದವು. ಎರಡು ಬೇರೆ ಬೇರೆ ಅಪರೂಪಗಳು, ಎರಡೂ ಮೊದಲ ದಿನ ಒಂದೊಂದು ಸಲ. ಉಳಿದ ದಿನಗಳಿಗೆ ಇರುವ ಲೆಕ್ಕವೇ ಓಪನಿಂಗ್ ಡೇಗೂ ಇದೆ.

ಫೆಲರ್ ‘ಒಬ್ಬರೇ’ ಆಗಿರುವುದರಲ್ಲಿ ವ್ಯಾಖ್ಯೆಯ ಪಾತ್ರವೂ ಇದೆ. 1909ರ ಓಪನಿಂಗ್ ಡೇಯಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನ ರೆಡ್ ಏಮ್ಸ್ ಬ್ರೂಕ್ಲಿನ್ ವಿರುದ್ಧ ಒಂಬತ್ತು ಇನ್ನಿಂಗ್ಸ್ ಒಂದು ಹಿಟ್ ಕೂಡ ಕೊಟ್ಟಿರಲಿಲ್ಲ. ಪಾಪ, ಅವರ ತಂಡವೂ ರನ್ ಗಳಿಸಲಿಲ್ಲ. ಆಟ ಮುಂದುವರಿಯಿತು. ಕೊನೆಗೆ 13 ಇನ್ನಿಂಗ್ಸ್‌ಗಳಲ್ಲಿ 3-0ರಿಂದ ಸೋತರು. 1991ರಲ್ಲಿ ಬಿಗಿಯಾದ ನಿಯಮದ ಪ್ರಕಾರ, ಪಂದ್ಯ ಪೂರ್ತಿ ಮುಗಿಯುವವರೆಗೆ ಹಿಟ್ ಬರದಿದ್ದರೆ ಮಾತ್ರ ಅದು ನೋ-ಹಿಟ್ಟರ್. ಹಾಗಾಗಿ ಏಮ್ಸ್ ಅವರ ದಿನ ಪಟ್ಟಿಯಲ್ಲಿಲ್ಲ. ಒಂಬತ್ತು ಇನ್ನಿಂಗ್ಸ್‌ನ ಕೆಲಸ ಇಬ್ಬರದೂ ಒಂದೇ. ಒಬ್ಬರಿಗೆ ತಂಡ ಒಂದು ರನ್ ಕೊಟ್ಟಿತು, ಇನ್ನೊಬ್ಬರಿಗೆ ಕೊಡಲಿಲ್ಲ. ಏಮ್ಸ್ ಹೆಸರನ್ನು ಇನ್ನೂ ಜಾಸ್ತಿ ಜನ ನೆನೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೋಮ್ ರನ್‌ಗಳ ಕಡೆ ಬಂದರೆ ಕತೆ ಇನ್ನೂ ಸ್ವಾರಸ್ಯ. ಓಪನಿಂಗ್ ಡೇಯಲ್ಲಿ ಮೂರು ಹೋಮ್ ರನ್ ಹೊಡೆದವರು 2025ರವರೆಗೆ ನಾಲ್ಕೇ ಮಂದಿ: 1988ರಲ್ಲಿ ಜಾರ್ಜ್ ಬೆಲ್, 1994ರಲ್ಲಿ ಟಫಿ ರೋಡ್ಸ್, 2005ರಲ್ಲಿ ಡಿಮಿಟ್ರಿ ಯಂಗ್, 2018ರಲ್ಲಿ ಮ್ಯಾಟ್ ಡೇವಿಡ್‌ಸನ್. ಈ ಪಟ್ಟಿಯಲ್ಲಿ ಬೇಬ್ ರೂತ್ ಇಲ್ಲ, ಹ್ಯಾಂಕ್ ಆರನ್ ಇಲ್ಲ, ವಿಲ್ಲಿ ಮೇಸ್ ಇಲ್ಲ. ಬೆಲ್ ಮಾತ್ರ ಆಗ ದೊಡ್ಡ ಹೆಸರು, ಹಿಂದಿನ ವರ್ಷವಷ್ಟೇ ಅಮೆರಿಕನ್ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಗೆದ್ದಿದ್ದರು. ಉಳಿದ ಮೂವರು ಆ ಎತ್ತರದವರಲ್ಲ.

ರೋಡ್ಸ್ ಅವರ ದಿನವಂತೂ ನಂಬಲು ಕಷ್ಟ. ಶಿಕಾಗೋದ ರಿಗ್ಲಿ ಫೀಲ್ಡ್, ಎದುರಿಗೆ ಮೆಟ್ಸ್ ತಂಡದ ಡ್ವೈಟ್ ಗುಡನ್. ಒಂದು ಕಾಲಕ್ಕೆ ಗುಡನ್ ಎಸೆತ ಅಂದರೆ ಬ್ಯಾಟರ್‌ಗಳಿಗೆ ನಡುಕ. ರೋಡ್ಸ್ ಸೀಸನ್‌ನ ತಮ್ಮ ಮೊದಲ ಮೂರು ಸಲದ ಬ್ಯಾಟಿಂಗ್‌ನಲ್ಲಿ ಮೂರು ಹೋಮ್ ರನ್ ಹೊಡೆದರು, ಮೂರೂ ಗುಡನ್ ಎಸೆತಕ್ಕೆ. ಆದರೂ ಅವರ ಕಬ್ಸ್ ತಂಡ 12-8ರಿಂದ ಸೋತಿತು. ಆ ವರ್ಷ ಸ್ವಂತ ಮೈದಾನದಲ್ಲಿ ಆಡಿದ ಮೊದಲ 12 ಪಂದ್ಯಗಳನ್ನೂ ಕಬ್ಸ್ ಸೋತಿತು.

ಪಂದ್ಯಕ್ಕೆ ಮೂರರಂತೆ 162 ಪಂದ್ಯ ಆಡಿದರೆ 486 ಹೋಮ್ ರನ್ ಆಗುತ್ತದೆ. ಸೀಸನ್ ಮುಗಿದಾಗ ರೋಡ್ಸ್ ಲೆಕ್ಕದಲ್ಲಿ ಇದ್ದದ್ದು 8. ಆಟಗಾರರ ಮುಷ್ಕರದಿಂದ ಆ ಸೀಸನ್ ಆಗಸ್ಟ್‌ನಲ್ಲೇ ನಿಂತಿತು ನಿಜ, ಆದರೂ ಎಂಟು ಎಂಟೇ. ಅಮೆರಿಕದಲ್ಲಿ ಅವರ ಇಡೀ ವೃತ್ತಿಜೀವನದ ಹೋಮ್ ರನ್‌ಗಳು 13. ಹಾಗಾದರೆ ಮೊದಲ ದಿನದ್ದು ಬರೀ ಅದೃಷ್ಟವಾ? ಇಲ್ಲಿ ಅವಸರ ಬೇಡ. ರೋಡ್ಸ್ ಮುಂದೆ ಜಪಾನಿಗೆ ಹೋದರು. ಅಲ್ಲಿ 464 ಹೋಮ್ ರನ್ ಹೊಡೆದರು. 2001ರಲ್ಲಿ ಒಂದೇ ಸೀಸನ್‌ನಲ್ಲಿ 55 ಹೊಡೆದು, 1964ರಲ್ಲಿ ಸದಹರು ಓ ಮಾಡಿದ್ದ ದಾಖಲೆ ಸರಿಗಟ್ಟಿದರು. ಅಂದರೆ ಅವರ ತೋಳಿನಲ್ಲಿ ಬಲ ಇದ್ದೇ ಇತ್ತು. 486 ಎಂಬ ಗುಣಾಕಾರ ಎಷ್ಟು ದೂರದ ಮಾತೋ, ‘ಒಂದು ದಿನದ ಹೀರೊ’ ಎಂಬ ಹಣೆಪಟ್ಟಿಯೂ ಅಷ್ಟೇ ದೂರದ ಮಾತು. ಒಂದು ದಿನದಿಂದ ಎರಡನ್ನೂ ಸಾಬೀತು ಮಾಡಲಾಗದು. ಡೇವಿಡ್‌ಸನ್ ವಿಷಯದಲ್ಲೂ ಹೀಗೇ. 2018ರ ಮೊದಲ ದಿನ ಮೂರು ಹೊಡೆದವರು ವರ್ಷದ ಕೊನೆಗೆ 20ಕ್ಕೆ ನಿಂತರು. ಅದು ಕಡಿಮೆಯೇನಲ್ಲ, ಆದರೆ ಅಂಥ ಭಾರಿ ಸಂಖ್ಯೆಯೂ ಅಲ್ಲ.

ತಂಡಗಳ ದಾಖಲೆಯಲ್ಲಿ ನನ್ನ ಮೆಚ್ಚಿನದು ನ್ಯೂಯಾರ್ಕ್ ಮೆಟ್ಸ್. 1962ರಲ್ಲಿ ಹುಟ್ಟಿದ ತಂಡ. ಮೊದಲ ಎಂಟು ವರ್ಷ, 1969ರವರೆಗೆ, ಒಂದೂ ಓಪನಿಂಗ್ ಡೇ ಗೆಲ್ಲಲಿಲ್ಲ. 1969ರಲ್ಲಿ ಎದುರಾಳಿ ಮಾಂಟ್ರಿಯಲ್ ಎಕ್ಸ್‌ಪೋಸ್, ಅದು ಆ ತಂಡದ ಜೀವನದ ಮೊಟ್ಟಮೊದಲ ಪಂದ್ಯ. ಅಂಥ ಹೊಸ ತಂಡದ ಎದುರೂ ಮೆಟ್ಸ್ 11-10ರಿಂದ ಸೋತಿತು. ಅದೇ ವರ್ಷ ಮೆಟ್ಸ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು! 1970ರಿಂದ 2025ರವರೆಗೆ ಅವರ ಮೊದಲ ಪಂದ್ಯಗಳ ಲೆಕ್ಕ 41 ಗೆಲುವು, 15 ಸೋಲು. ಮೊದಲ ಎಂಟು ಸೋಲು ಸೇರಿಸಿದರೂ 64ರಲ್ಲಿ 41 ಗೆಲುವು. ಎಲ್ಲ ತಂಡಗಳಲ್ಲೂ ಇದೇ ಅತ್ಯುತ್ತಮ. ಆದರೆ ಇದೇ ತಂಡ ಹುಟ್ಟಿದಾಗಿನಿಂದ ಆಡಿದ ಎಲ್ಲ ಪಂದ್ಯಗಳನ್ನು ಒಟ್ಟು ಸೇರಿಸಿದರೆ ಗೆದ್ದಿರುವುದಕ್ಕಿಂತ ಸೋತಿರುವುದೇ ಹೆಚ್ಚು.

ಏಕೆ ಹೀಗೆ? ಒಂದು ಕಾರಣ ನಿಜವಾದದ್ದು. ಓಪನಿಂಗ್ ಡೇಯಲ್ಲಿ ಪ್ರತಿ ತಂಡವೂ ತನ್ನ ಅತ್ಯುತ್ತಮ ಪಿಚರ್‌ನನ್ನು (ಚೆಂಡೆಸೆಯುವವನನ್ನು) ಇಳಿಸುತ್ತದೆ. ಮೆಟ್ಸ್ ಹತ್ತಿರ ಟಾಮ್ ಸೀವರ್ ಇದ್ದರು, ಆಮೇಲೆ ಗುಡನ್ ಬಂದರು. ಇವರಿಬ್ಬರೇ ಮೆಟ್ಸ್ ಪರ 19 ಓಪನಿಂಗ್ ಡೇ ಪಂದ್ಯ ಶುರು ಮಾಡಿದ್ದಾರೆ. ತಂಡ ಸಾಧಾರಣವಾದರೂ ಮೊದಲ ದಿನದ ಪಿಚರ್ ಅಸಾಧಾರಣ. ಇನ್ನೊಂದು ಕಾರಣ ಅಂಕಿಯದು. ಎರಡೂ ಕಡೆ ಸಮಬಲ ಎಂದುಕೊಂಡರೆ 64 ಪಂದ್ಯದಲ್ಲಿ 32 ಗೆಲುವು ನಿರೀಕ್ಷೆ. 41 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸುಮಾರು 60ರಲ್ಲಿ ಒಂದು. ಕಡಿಮೆ ಅನಿಸುತ್ತದೆ. ಆದರೆ ತಂಡಗಳು 30 ಇವೆ! ಅವುಗಳಲ್ಲಿ ಯಾವುದೋ ಒಂದಕ್ಕೆ ಹೀಗಾಗುವ ಸಾಧ್ಯತೆ ಅರ್ಧದ ಹತ್ತಿರ. ನಾವು ಮೂವತ್ತೂ ತಂಡಗಳನ್ನು ನೋಡಿ, ಮೇಲೆ ಬಂದದ್ದನ್ನು ಎತ್ತಿ, ‘ಇವರಿಗೇ ಏಕೆ’ ಎಂದು ಕೇಳುತ್ತಿದ್ದೇವೆ.

‘ಇತಿಹಾಸದಲ್ಲೇ ಮೊದಲು’ ಎನ್ನುವ ಹೆಚ್ಚಿನ ಸಾಲುಗಳ ಗುಟ್ಟೂ ಇದೇ. ಬೇಸ್‌ಬಾಲ್ ದಾಖಲೆ ಸಂಗ್ರಹಿಸುವ ರೆಟ್ರೋಶೀಟ್‌ನ ಸ್ವಯಂಸೇವಕರು ಹಳೆಯ ಪಂದ್ಯಗಳ ಸ್ಕೋರ್ ಪಟ್ಟಿಗಳನ್ನು ಒಂದೊಂದಾಗಿ ಹುಡುಕಿ ಕಂಪ್ಯೂಟರ್‌ಗೆ ತುಂಬಿದ್ದಾರೆ. ದೊಡ್ಡ ಕೆಲಸ ಅದು. ಅದರಿಂದ ಈಗ ಯಾರು ಬೇಕಾದರೂ ಕ್ಷಣದಲ್ಲಿ ಯಾವ ಪ್ರಶ್ನೆಯನ್ನಾದರೂ ಕೇಳಬಹುದು. ಷರತ್ತುಗಳನ್ನು ಸೇರಿಸುತ್ತಾ ಹೋದರೆ ಪ್ರತಿ ಪಂದ್ಯದಲ್ಲೂ ಒಂದು ‘ಮೊದಲು’ ಸಿಕ್ಕೇ ಸಿಗುತ್ತದೆ. ಮಿಲ್ವಾಕಿಯ ಸಿಕ್ಸ್‌ಟೊ ಲೆಸ್ಕಾನೊ ಎರಡು ಓಪನಿಂಗ್ ಡೇಗಳಲ್ಲಿ, 1978 ಮತ್ತು 1980ರಲ್ಲಿ, ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ಮೂರೂ ಬೇಸ್ ತುಂಬಿದ್ದಾಗ ಬರುವ ಹೋಮ್ ರನ್ ಅದು. ಇಲ್ಲಿ ಬ್ಯಾಟರ್ ಜೊತೆಗೆ ಅವರ ಮುಂದೆ ಆಡಿದ ಮೂವರ ಪಾಲೂ ಇದೆ. ಜಪಾನಿನ ಕಾಜುವೊ ಮಾಟ್ಸುಯಿ ಮೇಜರ್ ಲೀಗ್‌ಗೆ ಬಂದ ಮೊದಲ ಮೂರು ವರ್ಷ, 2004ರಿಂದ 2006, ತಮ್ಮ ಸೀಸನ್‌ನ ಮೊದಲ ಬ್ಯಾಟಿಂಗ್‌ನಲ್ಲೇ ಹೋಮ್ ರನ್ ಹೊಡೆದರು. ಅಮೆರಿಕದಲ್ಲಿ ಅವರು ಹೊಡೆದದ್ದು ಒಟ್ಟು 32. ಇಂಥದ್ದನ್ನು ಮುಂಚೆಯೇ ಯಾರೂ ಹುಡುಕುತ್ತಿರಲಿಲ್ಲ. ಆದ ಮೇಲೆ ಕಣ್ಣಿಗೆ ಬಿತ್ತು.

ಓನೀಲ್ ಅವರದೂ ಹಾಗೇನಾ? ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ಅವರ ವೃತ್ತಿಜೀವನ ನೋಡಿದರೆ ಹೆಚ್ಚು ಕಡಿಮೆ ಆರು ಪಂದ್ಯಕ್ಕೊಮ್ಮೆ ಹೋಮ್ ರನ್ ಹೊಡೆಯುತ್ತಾರೆ. ಆರು ಸಲ ದಾಳ ಉರುಳಿಸಿ ಆರೂ ಸಲ ಮೊದಲೇ ಹೇಳಿದ ಮುಖವೇ ಬಂದ ಹಾಗೆ ಇದು. ಸಾಧ್ಯತೆ 46,656ರಲ್ಲಿ ಒಂದು. ಸತತ ಆರು ವರ್ಷ ಮೊದಲ ಪಂದ್ಯ ಆಡಿದ ಆಟಗಾರರು ಇತಿಹಾಸದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಓನೀಲ್‌ನಷ್ಟು ಹೋಮ್ ರನ್ ಹೊಡೆಯುವವರಲ್ಲ. ಹಾಗಾಗಿ ಎಲ್ಲರ ಅವಕಾಶಗಳನ್ನೂ ಕೂಡಿಸಿದರೂ ಇದು ಅಪರೂಪವಾಗಿಯೇ ಉಳಿಯುತ್ತದೆ. ಮೆಟ್ಸ್ ದಾಖಲೆ ಅವಕಾಶಗಳ ಲೆಕ್ಕದಲ್ಲಿ ಕರಗುತ್ತದೆ, ಓನೀಲ್ ದಾಖಲೆ ಪೂರ್ತಿ ಕರಗುವುದಿಲ್ಲ. ಹಾಗೆಂದು ಮಾರ್ಚ್ ತಿಂಗಳಲ್ಲಿ ಅವರಿಗೆ ವಿಶೇಷ ಶಕ್ತಿ ಬರುತ್ತದೆ ಎಂದೇನೂ ಅಲ್ಲ. ಅದೃಷ್ಟಕ್ಕೂ ಅಪರೂಪದ ದಿನಗಳಿರುತ್ತವೆ.

ಕೆಲವು ‘ಮೊದಲು’ಗಳು ಈ ದಿನವೇ ಬರಬೇಕಾದವು. ಹೊಸ ನಿಯಮ ಜಾರಿಗೆ ಬರುವುದೇ ಸೀಸನ್ ಶುರುವಿನಲ್ಲಿ. 1973ರ ಏಪ್ರಿಲ್ 6ರಂದು ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್, ಪಿಚರ್ ಬದಲು ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಆಗಿ ಮೇಜರ್ ಲೀಗ್‌ನಲ್ಲಿ ಮೊದಲು ನಿಂತರು. ಬೇಸ್‌ಗಳು ತುಂಬಿದ್ದವು, ವಾಕ್ ಸಿಕ್ಕಿತು, ಒಂದು ರನ್ ಬಂತು. ಬ್ಯಾಟ್ ಬೀಸುವುದಕ್ಕೆಂದೇ ತಂದ ನಿಯಮದ ಮೊದಲ ರನ್ ಹೊಡೆತವೇ ಇಲ್ಲದೆ ಬಂತು. 2023ರಲ್ಲಿ ಪಿಚ್ ಕ್ಲಾಕ್ (ನಿಗದಿತ ಸೆಕೆಂಡುಗಳೊಳಗೆ ಚೆಂಡೆಸೆಯಬೇಕೆಂಬ ನಿಯಮ) ಬಂದಾಗಲೂ ಹಾಗೇ, ಮೊದಲ ಉಲ್ಲಂಘನೆ ಓಪನಿಂಗ್ ಡೇಯಲ್ಲೇ, ಕಬ್ಸ್‌ನ ಮಾರ್ಕಸ್ ಸ್ಟ್ರೋಮನ್ ಹೆಸರಿನಲ್ಲಿ.

ಇನ್ನು ಕೆಲವು ದಿನಗಳನ್ನು ಅಂಕಿಗಳಿಂದ ಅಳೆಯುವುದೇ ತಪ್ಪು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಪರ ಆಡಿದಾಗ, ಆಧುನಿಕ ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗಿದ್ದ ತಡೆ ಮುರಿಯಿತು. ಸ್ಕೋರ್ ಪಟ್ಟಿಯಲ್ಲಿ ಅವರದು ಮೂರು ಸಲದ ಬ್ಯಾಟಿಂಗ್‌ಗೆ ಸೊನ್ನೆ ಹಿಟ್. ಫೀಲ್ಡರ್ ತಪ್ಪಿನಿಂದ ಬೇಸ್ ಸೇರಿ ಒಂದು ರನ್ ಗಳಿಸಿದರು, ತಂಡ 5-3ರಿಂದ ಗೆದ್ದಿತು. 1974ರ ಏಪ್ರಿಲ್ 4ರಂದು ಸಿನ್ಸಿನಾಟಿಯಲ್ಲಿ ಹ್ಯಾಂಕ್ ಆರನ್ ಸೀಸನ್‌ನ ತಮ್ಮ ಮೊದಲ ಹೊಡೆತದಲ್ಲೇ 714ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುಟ್ಟಿದರು. ದಾಖಲೆ ಅಟ್ಲಾಂಟಾದ ಸ್ವಂತ ಮೈದಾನದಲ್ಲೇ ಆಗಲಿ ಎಂದು ತಂಡ ಅವರನ್ನು ಕೂರಿಸಲು ಬಯಸಿತ್ತು. ಕಮಿಷನರ್ ಬೋವಿ ಕೂನ್ ಆಡಿಸಲೇಬೇಕೆಂದರು. ಅದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ದಿನಾಂಕ. ಪಂದ್ಯಕ್ಕೆ ಮುಂಚೆ ಒಂದು ನಿಮಿಷ ಮೌನ ಆಚರಿಸಿ ಎಂದು ಆರನ್ ಕೇಳಿದ್ದರು. ಒಪ್ಪಲಿಲ್ಲ. ದಾಖಲೆ ಪುಸ್ತಕದಲ್ಲಿ 714 ಇದೆ, ಆ ಕೋರಿಕೆ ಇಲ್ಲ.

ಹಾಗಾದರೆ ಅವಕಾಶಗಳ ಲೆಕ್ಕದ ಮುಂದೆಯೂ ಗಟ್ಟಿಯಾಗಿ ನಿಲ್ಲುವ ಸಾಧನೆ ಯಾವುದು? ನನ್ನ ಉತ್ತರ ವಾಷಿಂಗ್ಟನ್‌ನ ವಾಲ್ಟರ್ ಜಾನ್ಸನ್. 14 ಓಪನಿಂಗ್ ಡೇ ಪಂದ್ಯ ಶುರು ಮಾಡಿದರು, ಅದರಲ್ಲಿ ಏಳು ಶಟೌಟ್. ಅಂದರೆ ಎದುರಾಳಿಗೆ ಒಂದೂ ರನ್ ಕೊಡದೆ ಪೂರ್ತಿ ಪಂದ್ಯ ಮುಗಿಸಿದ್ದು. ಇಡೀ ವೃತ್ತಿಜೀವನದಲ್ಲಿ ಅವರು 666 ಪಂದ್ಯ ಶುರು ಮಾಡಿ 110 ಶಟೌಟ್ ಗಳಿಸಿದರು. ಈ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಆ ಪ್ರಮಾಣದಲ್ಲಿ 14 ಪಂದ್ಯಕ್ಕೆ ಎರಡು ಬರಬೇಕು. ಬಂದದ್ದು ಏಳು, ಅವರದೇ ಮಟ್ಟದ ಮೂರು ಪಟ್ಟು. ಅಧ್ಯಕ್ಷ ಟಾಫ್ಟ್ 1910ರಲ್ಲಿ ಮೊದಲ ಚೆಂಡು ಎಸೆಯುವ ಸಂಪ್ರದಾಯ ಶುರು ಮಾಡಿದ ದಿನ ಜಾನ್ಸನ್ ಕೊಟ್ಟದ್ದು ಒಂದೇ ಹಿಟ್. 1926ರಲ್ಲಿ, 38ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ವಿರುದ್ಧ 15 ಇನ್ನಿಂಗ್ಸ್ ಒಬ್ಬರೇ ಎಸೆದು 1-0ರಿಂದ ಗೆದ್ದರು. ಎದುರಿನ ಎಡ್ಡಿ ರೊಮೆಲ್ ಕೂಡ 15 ಇನ್ನಿಂಗ್ಸ್ ಪೂರ್ತಿ ಎಸೆದರು. ಈಗಿನ ಪಿಚರ್‌ಗಳು ಮೊದಲ ದಿನ ಐದಾರು ಇನ್ನಿಂಗ್ಸ್ ಆದರೆ ಮೈದಾನ ಬಿಡುತ್ತಾರೆ. ಭುಜ, ಮೊಣಕೈ ಉಳಿಸಿಕೊಳ್ಳಲು ತಂಡಗಳೇ ಹಾಗೆ ಮಾಡುತ್ತವೆ, ಅದು ಸರಿಯೂ ಹೌದು. ಆದ್ದರಿಂದ ಈ ದಾಖಲೆ ಮುರಿಯುವ ಅವಕಾಶವೇ ಇನ್ನು ಯಾರಿಗೂ ಇಲ್ಲ.

ನಿಯಮ ಬಾಗಿಲು ಮುಚ್ಚಿದ ಇನ್ನೊಂದು ದಾಖಲೆ ತೀರ ಇತ್ತೀಚಿನದು. 2017ರ ಏಪ್ರಿಲ್ 2ರಂದು ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್‌ನ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಅರಿಜೋನಾ ವಿರುದ್ಧ ಮೊದಲ 16 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದರು. ಬ್ಯಾಟ್ ಹಿಡಿದು ಎರಡು ಹೋಮ್ ರನ್ ಕೂಡ ಹೊಡೆದರು. ಓಪನಿಂಗ್ ಡೇಯಲ್ಲಿ ಪಿಚರ್ ಒಬ್ಬರು ಎರಡು ಹೋಮ್ ರನ್ ಹೊಡೆದದ್ದು ಅದೇ ಮೊದಲು. ತಂಡ ಮಾತ್ರ 6-5ರಿಂದ ಸೋತಿತು. 2022ರಿಂದ ಎರಡೂ ಲೀಗ್‌ಗಳಲ್ಲಿ ಪಿಚರ್ ಬದಲು ಬೇರೆಯವರೇ ಬ್ಯಾಟ್ ಮಾಡುತ್ತಾರೆ. ಹಾಗಾಗಿ ಸಾಮಾನ್ಯ ಪಿಚರ್‌ಗೆ ಬ್ಯಾಟ್ ಹಿಡಿಯುವ ಅವಕಾಶವೇ ಸಿಗುವುದಿಲ್ಲ. ಆದರೆ ಅದೇ ವರ್ಷ ಇನ್ನೊಂದು ನಿಯಮವೂ ಬಂತು: ಪಂದ್ಯ ಶುರು ಮಾಡುವ ಪಿಚರ್ ತನಗಾಗಿ ತಾನೇ ಬ್ಯಾಟ್ ಮಾಡಬಹುದು, ಎಸೆತ ನಿಲ್ಲಿಸಿದ ಮೇಲೂ ಬ್ಯಾಟರ್ ಆಗಿ ಉಳಿಯಬಹುದು. ಅದನ್ನು ಒಬ್ಬ ಆಟಗಾರನ ಹೆಸರಿನಿಂದಲೇ ಕರೆಯುತ್ತಾರೆ. 2022ರ ಏಪ್ರಿಲ್ 7ರಂದು ಆ ಆಟಗಾರ, ಶೊಹೆ ಒಟಾನಿ, ಏಂಜಲ್ಸ್ ಪರ ಸೀಸನ್‌ನ ಮೊದಲ ಚೆಂಡು ಎಸೆದರು. ಆಮೇಲೆ ತಂಡದ ಮೊದಲ ಬ್ಯಾಟರ್ ಆಗಿಯೂ ತಾವೇ ನಿಂತರು. ಬಮ್‌ಗಾರ್ನರ್ ದಾಖಲೆ ಮುಟ್ಟುವ ದಾರಿ ಈಗ ಅವರಂಥ ಆಟಗಾರರಿಗೆ ಮಾತ್ರ ತೆರೆದಿದೆ.